ಎರಡನೇ ಜ್ವರ

ಚಿಂತಾಮಣಿಯ ಕಾಲೇಜಿನಲ್ಲಿ ಇವತ್ತು ನನಗೆ ಹತ್ತು ನಿಮಿಷ.
'ವಿದೇಶದಲ್ಲಿ ಸ್ವಯಂಸೇವೆ: ಅನುಭವ ಹಂಚಿಕೆ' ಎಂದು
ಯಾರೋ ಬಣ್ಣದ ಸೀಮೆಸುಣ್ಣದಲ್ಲಿ ಬರೆದು
ಪಕ್ಕದಲ್ಲೊಂದು ವಿಮಾನ ಬಿಡಿಸಿದ್ದಾರೆ. ಅದಕ್ಕೆ ಒಂದೇ ರೆಕ್ಕೆ.

ಮೊದಲ ಸಾಲಿನ ಹುಡುಗ ಕೈಯೆತ್ತಿಕೊಂಡೇ ಕೂತಿದ್ದ:
ಅಕ್ಕಾ, ತಿಂಗಳಿಗೆ ಎಷ್ಟು ಕೊಡ್ತಾರೆ?
ಹೇಳಿದೆ.
ಕೈ ಇಳಿಯಿತು.

ಉಳಿದ ಒಂಬತ್ತು ನಿಮಿಷಕ್ಕೆ ಫೋಟೋಗಳಿವೆ.
ಹೇಳಬೇಕಾದ್ದು ಅವುಗಳಲ್ಲಿಲ್ಲ.

ಹೊರಡುವ ಹಿಂದಿನ ದಿನ, ಶಿಡ್ಲಘಟ್ಟದಾಚೆಯ ನಮ್ಮ ಹಳ್ಳಿಯಲ್ಲಿ,
ಅಮ್ಮ ಸೊಪ್ಪು ಹೆಚ್ಚುತ್ತಲೇ ಕೇಳಿದ್ದಳು:
ಹುಳ ಮೇಯ್ಸೋದು ಕಲಿಸೋಕೂ ಏರೋಪ್ಲೇನು ಹತ್ತಬೇಕೇನೇ ಅಮ್ಮಣ್ಣೀ?
ಕೇಳಿ, ಮೂರು ಸೇರು ರಾಗಿಹಿಟ್ಟು ಕಟ್ಟಿದಳು.
ಎಂಟೆಬ್ಬೆಯಲ್ಲಿ ಅಧಿಕಾರಿ ಗಂಟು ಬಿಚ್ಚಿ, ಮೂಸಿ, ನಕ್ಕ:
ನಮ್ಮ ಬೆಳೆಯನ್ನು ನಮಗೇ ತಂದೆಯಾ?
ಆ ರಾತ್ರಿ ಬಿರುಂಗಿ ಮೇಡಂ ಮನೆಯಲ್ಲಿ
ಮುಚ್ಚಳದ ಪುಟ್ಟ ಬುಟ್ಟಿ ತೆರೆದರೆ
ಒಳಗೆ ನಮ್ಮದೇ ಮುದ್ದೆ, ಕೊಂಚ ಚಪ್ಪಟೆ.

ಬೆಟ್ಟದ ಮೇಲಿನ ಶಾಲೆ. ಐದನೇ ತರಗತಿ. ಅರವತ್ತೆರಡು ಮಕ್ಕಳು.
ಸೌದೆ ಇಡುತ್ತಿದ್ದ ಕೋಣೆಯೇ ಹುಳದ ಮನೆ.
ನಾನು ಇಂಗ್ಲಿಷಿನಲ್ಲಿ ಹೇಳಬೇಕು, ಬಿರುಂಗಿ ಅವರ ಮಾತಿನಲ್ಲಿ.
ಏಳನೇ ದಿನ ಹುಳಗಳು ಮೇಯುವುದು ಬಿಟ್ಟು
ತಲೆಯೆತ್ತಿ ಸ್ತಬ್ಧ ಕೂತವು.
ಪುಸ್ತಕದ ಪದ ನಾಲಿಗೆಗೆ ಬರಲಿಲ್ಲ, ಊರಿನದು ಬಂತು.
ಜ್ವರಕ್ಕೆ ಕೂತಿವೆ. ಎರಡನೇ ಜ್ವರ.
ಫೀವರ್, ಎಂದುಬಿಟ್ಟೆ.

ಅಲ್ಲಿ ಜ್ವರಕ್ಕೂ ಮಲೇರಿಯಕ್ಕೂ ಒಂದೇ ಹೆಸರು.
ಬಿರುಂಗಿ ಅದನ್ನೇ ಹೇಳಿದರು.
ಅರವತ್ತೆರಡು ಬಾಯಿ ಒಮ್ಮೆಲೇ ಮುಚ್ಚಿದವು.

ಮಾರನೆಯ ಬೆಳಿಗ್ಗೆ ಕಟುಸೀಮೆ ಎಂಬ ಹುಡುಗಿ
ಲಂಗದ ಅಂಚಿನ ಗಂಟು ಬಿಚ್ಚಿ
ಅರ್ಧ ಮಾತ್ರೆ ಹೊರಗಿಟ್ಟಳು. ಹಳದಿ.
ತಂಗಿಗೆ ಕೊಟ್ಟು ಮಿಕ್ಕಿದ್ದು.
ಪುಡಿ ಮಾಡಿ ಉದುರಿಸಿದರೆ ಎಲ್ಲಕ್ಕೂ ಸಾಕಾಗುತ್ತದಾ?

ಹುಳದ ಮನೆಯಲ್ಲೇ ಮಲಗಿ ಎದ್ದು ಬೆಳೆದವಳು ನಾನು,
ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಅಂಕ ಪಡೆದವಳು.
ಅದಕ್ಕೆ ನೋಯುತ್ತದಾ ಎಂದು
ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ.

ಹೇಳಿದೆ, ಹೇಳಲು ನೋಡಿದೆ: ಕಾಯಿಲೆಯಲ್ಲ ಇದು,
ಹಳೆಯ ಚರ್ಮ ಬಿಗಿಯಾಗಿದೆ, ಅಷ್ಟೆ.
ಮುಟ್ಟಬಾರದು. ಸೊಪ್ಪು ಹಾಕಬಾರದು.
ಸುಣ್ಣ ಉದುರಿಸಿ ಕಾಯಬೇಕು.
ಎದ್ದ ಮೇಲೆ ದೊಡ್ಡದಾಗಿರುತ್ತದೆ.
ಕಟುಸೀಮೆ ಮಾತ್ರೆಯನ್ನು ಮತ್ತೆ ಗಂಟು ಹಾಕಿಕೊಂಡಳು,
ನಂಬಿದ್ದಕ್ಕಲ್ಲ; ಬೇಕಾದೀತೆಂದು.

ಬೇಕಾಯಿತು. ನನಗೆ.
ಮೂರನೇ ತಿಂಗಳು. ಹಲ್ಲು ಕಟಕಟ, ಕಂಬಳಿಯ ಮೇಲೆ ಕಂಬಳಿ.
ಆಸ್ಪತ್ರೆಯ ಸೂಜಿ, ಆಸ್ಪತ್ರೆಯ ಔಷಧಿ,
ದಿಂಬಿನ ಕೆಳಗೆ ಯಾವಾಗಲೋ ಬಂದು ಸೇರಿದ ಅರ್ಧ ಮಾತ್ರೆ.
ಕಣ್ಣು ಬಿಟ್ಟಾಗಲೆಲ್ಲ ಕಿಟಕಿಯ ತುಂಬ ತಲೆಗಳು.
ಯಾರೂ ಮಾತಾಡಿಸಲಿಲ್ಲ, ಉಣ್ಣು ಎನ್ನಲಿಲ್ಲ.
ಹೊಸ್ತಿಲುದ್ದಕ್ಕೂ ಬೆಳ್ಳನೆಯ ಗೆರೆ: ಸುಣ್ಣ.
ಮಕ್ಕಳ ಅಪ್ಪಣೆ, ಎಂದರು ಆಮೇಲೆ ಬಿರುಂಗಿ.
ಟೀಚರ್ ಎರಡನೇ ಜ್ವರಕ್ಕೆ ಕೂತಿದ್ದಾರೆ, ಮುಟ್ಟಬಾರದು.

ಐದನೇ ದಿನ ಎದ್ದು ಹೊರಬಂದರೆ
ಕಟುಸೀಮೆ ಗೋಡೆಗೆ ನನ್ನ ಬೆನ್ನು ಒರಗಿಸಿ
ನೆತ್ತಿಯ ಮಟ್ಟಕ್ಕೆ ಇದ್ದಿಲಿನಲ್ಲಿ ಗೆರೆ ಎಳೆದಳು.
ಹೋದ ತಿಂಗಳು ಎಲ್ಲರನ್ನೂ ಅಳೆದ ಗೆರೆ ಅಲ್ಲೇ ಇತ್ತು.
ನೋಡಿ, ಬಿರುಂಗಿಯ ಕಡೆ ತಿರುಗಿ ದೂರಿದಳು:
ಒಂದು ಎಳೆಯೂ ಬೆಳೆದಿಲ್ಲ.
ಇನ್ನೂ ಎರಡು ಜ್ವರ ಬಾಕಿ ಇದೆ, ಎಂದೆ ನಾನು.

ಇಷ್ಟು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.
ಅರ್ಜಿಗಳು ಮೇಜಿನ ಮೇಲಿವೆ ಎಂದರು ಮೇಷ್ಟ್ರು.
ಬೆಂಚುಗಳು ಸರಿದವು, ಬಸ್ಸಿನ ಹೊತ್ತು.
ಕೊನೆಯ ಸಾಲಿನಿಂದ ಒಬ್ಬಳು ಬಂದು ನಿಂತಳು,
ಉಗುರ ಸಂದಿಯಲ್ಲಿ ಬೆಳಗಿನ ಸೊಪ್ಪಿನ ಹಸಿರು.
ಅರ್ಜಿಯನ್ನು ಮುಟ್ಟದೆ, ನನ್ನನ್ನೂ ನೋಡದೆ,
ಕೇಳಿದಳು:
ಸುಣ್ಣ ಅಲ್ಲೇ ಸಿಗ್ತದಾ ಅಕ್ಕಾ,
ಇಲ್ಲಿಂದ ತಗೊಂಡು ಹೋಗಬೇಕಾ?